ಧಮನಿಯೊಳಗೆ ಬಿಚ್ಚುವ ಛತ್ರಿ

ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳು ಕೂಡುತ್ತವೆ, ಡೊಳ್ಳು ಮೊಳಗುತ್ತವೆ, ಭಂಡಾರದ ಅರಿಸಿನ ಎಷ್ಟು ಹಾರುತ್ತದೆಂದರೆ ಮೂರು ದಿನ ತಲೆ ತೊಳೆದರೂ ನೀರು ಹಳದಿಯಾಗೇ ಇಳಿಯುತ್ತದೆ. ಊರು ಇರುವುದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನಲ್ಲಿ. ಹೊರಗಿನ ಫಲಕ ಮರಾಠಿಯಲ್ಲಿದ್ದರೂ ಪಡಸಾಲೆಯ ಮಾತು ಕನ್ನಡ. ನನ್ನ ಅಕ್ಕನನ್ನು ಕೊಟ್ಟ ಊರದು. ಹಾಗಾಗಿ ಜಾತ್ರೆಗೆ ಹೋದವನು ಜಾತ್ರೆ ಮುಗಿದರೂ ಎರಡು ದಿನ ಉಳಿಯುವುದು ನನಗೆ ರೂಢಿ.

ಆ ಸಲ ಜಾತ್ರೆಯ ಮರುದಿನ ಭಾವನ ಹೊಲದ ಬೋರಿನ ಮೋಟರ್ ಕೆಟ್ಟು ನಿಂತಿತು. ಅದನ್ನು ಮೇಲೆತ್ತಲು ಮೆಕ್ಯಾನಿಕ್ ಬಂದ. ಅಳಿಯ ಏಳನೇ ಇಯತ್ತೆ, ಅವನ ತಂಗಿ ಐದನೇ ಇಯತ್ತೆ. ಇಂಥ ಕೆಲಸ ನಡೆಯುವಾಗ ಇಬ್ಬರೂ ಊಟವನ್ನೂ ಮರೆಯುತ್ತಾರೆ. ಮೂರು ಕಾಲಿನ ಗಳ ನೆಟ್ಟು, ಸರಪಳಿ ಜಗ್ಗಿ, ಒಂದೊಂದೇ ಪೈಪು ಬಿಚ್ಚುತ್ತ ಬಿಚ್ಚುತ್ತ ಕೊನೆಗೆ ಮೋಟರು ಹೊರಗೆ ಬಂತು. ಮರಾಠಿಯವರು ಅದಕ್ಕೆ ‘ಪಾಣಬುಡಿ’ ಅನ್ನುತ್ತಾರೆ, ನೀರಲ್ಲಿ ಮುಳುಗಿಯೇ ಇರುವಂಥದ್ದು. ಇಂಗ್ಲಿಷಿನ ಸಬ್‌ಮರ್ಸಿಬಲ್‌ಗಿಂತ ನನಗೆ ಈ ಹೆಸರೇ ಇಷ್ಟ.

ಮೆಕ್ಯಾನಿಕ್ ಪಂಪಿನ ಭಾಗ ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ. ಒಂದರ ಮೇಲೊಂದು ಕೂತಿದ್ದ ಪುಟ್ಟ ಪಂಖಾಗಳು, ಹದಿನೈದೋ ಹದಿನಾರೋ ಇದ್ದವು.

“ಮಾಮಾ, ಇದು ಇಷ್ಟ ಉದ್ದ ಯಾಕ ಐತಿ? ನಮ್ಮ ಬಾವಿ ಮ್ಯಾಲಿನ ಪಂಪ್ ನೋಡು, ಗಿಡ್ಡ ಐತಿ, ಅಗಲ ಐತಿ. ಅದರಾಗ ಒಂದ ಪಂಖಾ ಇರತೈತಿ.”

ನಾನು ಉತ್ತರ ಹುಡುಕುವಷ್ಟರಲ್ಲಿ ಮೆಕ್ಯಾನಿಕ್ ತಲೆ ಎತ್ತದೆಯೇ ಹೇಳಿದ: “ತೂತು ಸಣ್ಣದ ಐತೆಲ್ಲೋ ತಮ್ಮಾ. ಅಗಲ ಆಗಾಕ ಜಾಗ ಎಲ್ಲೈತಿ? ಅದಕ್ಕ ಉದ್ದ ಆಗೇತಿ.”

ಮಕ್ಕಳೇ, ಈ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ದೊಡ್ಡ ದೊಡ್ಡ ಆಸ್ಪತ್ರೆಗಳಿಗೆ ಪಂಪು ಮಾಡಿಕೊಡುವ ಎಂಜಿನಿಯರುಗಳು ನಲವತ್ತು ವರ್ಷದಿಂದ ಗುದ್ದಾಡುತ್ತಿರುವುದು ಇದೇ ಮಾತಿನ ಜೊತೆ.

ನಿಮ್ಮ ಎದೆಯಲ್ಲೂ ಒಂದು ಪಂಪಿದೆ. ದೊಡ್ಡವರಲ್ಲಿ ಅದು ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಸಲ ಬಡಿಯುತ್ತದೆ. ಆದರೆ ಎತ್ತುವ ಎತ್ತರ ಕೇಳಿದರೆ ನಗು ಬರುತ್ತದೆ. ಬೋರಿನ ಮೋಟರು ನೂರಾರು ಅಡಿ ಎತ್ತಿದರೆ, ಹೃದಯ ಕೊಡುವ ಒತ್ತಡ ರಕ್ತವನ್ನು ಬರೀ ನಾಲ್ಕು ಅಡಿ ಎತ್ತರಕ್ಕೆ ಏರಿಸುವಷ್ಟು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ‘ನೂರಿಪ್ಪತ್ತು, ಎಂಬತ್ತು’ ಅನ್ನುತ್ತಾರಲ್ಲ, ಅದರ ನಡುವಿನ ನೂರನ್ನು ಹಿಡಿದು ಮಾಡಿದ ಲೆಕ್ಕ ಇದು.

ಕೆಲವೊಮ್ಮೆ ಈ ಪಂಪು ದಣಿಯುತ್ತದೆ. ದೊಡ್ಡ ಹೃದಯಾಘಾತವಾದಾಗ ಅದರ ಸ್ನಾಯುವಿಗೆ ಪೆಟ್ಟು ಬಿದ್ದು ರಕ್ತ ತಳ್ಳುವ ಬಲ ಕುಸಿಯಬಹುದು. ಮುಚ್ಚಿದ ನಾಳವನ್ನು ಡಾಕ್ಟರು ತೆರೆದರೂ ಸ್ನಾಯು ಚೇತರಿಸಿಕೊಳ್ಳಲು ಸಮಯ ಬೇಕು. ಆ ಕೆಲವು ಗಂಟೆ, ಕೆಲವು ದಿನ ಪಕ್ಕದಲ್ಲಿ ಯಾರಾದರೂ ಹೆಗಲು ಕೊಟ್ಟರೆ? ಹಾಗೆ ಹೆಗಲು ಕೊಡಲೆಂದೇ ಪುಟಾಣಿ ರಕ್ತದ ಪಂಪುಗಳನ್ನು ಮಾಡಿದ್ದಾರೆ. ಎದೆ ಸೀಳದೆ, ತೊಡೆಯ ಸಂದಿನಲ್ಲಿರುವ ಧಮನಿಯೊಳಗೆ ತೂರಿಸಿ, ಮೇಲೆ ಮೇಲೆ ಸರಿಸುತ್ತ ಹೃದಯದವರೆಗೆ ಕಳಿಸುವ ಪಂಪುಗಳು.

ಇದರ ಮೊದಲ ಕತೆ ಶುರುವಾದದ್ದು ನೀರಿನ ಹತ್ತಿರವೇ. 1976ರಲ್ಲಿ ರಿಚರ್ಡ್ ವಾಂಪ್ಲರ್ ಎಂಬ ಅಮೆರಿಕದ ಡಾಕ್ಟರು ಈಜಿಪ್ಟಿನ ಹಳ್ಳಿಯೊಂದಕ್ಕೆ ಹೋಗಿದ್ದರು. ಅಲ್ಲಿ ರೈತರು ತಿರುಪಿನ ಆಕಾರದ ಒಂದು ಕೊಳವೆಯನ್ನು ಕೈಯಿಂದ ತಿರುಗಿಸಿ ನೀರು ಮೇಲೆತ್ತುತ್ತಿದ್ದರು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ಸಾಧನಕ್ಕೆ ಆರ್ಕಿಮಿಡೀಸನ ತಿರುಪು ಎಂದು ಹೆಸರು. ‘ಇದನ್ನೇ ಬೆರಳಿಗಿಂತ ಸಣ್ಣದಾಗಿ ಮಾಡಿ ರಕ್ತನಾಳದಲ್ಲಿ ಇಟ್ಟರೆ?’ ಎಂಬ ಯೋಚನೆ ವಾಂಪ್ಲರ್ ಅವರ ತಲೆಗೆ ಹೊಕ್ಕಿತು. ಆ ಯೋಚನೆ ಹಿಮೋಪಂಪ್ ಆಯಿತು. 1988ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ನಿನ ಟೆಕ್ಸಸ್ ಹಾರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಫ್ರೇಜಿಯರ್ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದರು. ಹೊಲಕ್ಕೆ ನೀರು ಹಾಯಿಸುವವರನ್ನು ನೋಡಿ ಹೃದಯದ ಪಂಪು ಹುಟ್ಟಿತೆಂದಾಗ ನನ್ನ ಅಳಿಯ ಮೆಕ್ಯಾನಿಕ್‌ನ ಕಡೆ ಹೊಸ ಗೌರವದಿಂದ ನೋಡಿದ.

ಆಗ ಬಹಳ ಜನ ತಲೆ ಅಲ್ಲಾಡಿಸಿದರು. ಹಿಮೋಪಂಪಿನ ತಿರುಪು ನಿಮಿಷಕ್ಕೆ 25 ಸಾವಿರ ಸುತ್ತು ತಿರುಗಬೇಕು. ಬೋರಿನ ಮೋಟರು ತಿರುಗುವುದು ನಿಮಿಷಕ್ಕೆ ಮೂರು ಸಾವಿರಕ್ಕೂ ಕಮ್ಮಿ. ಇಷ್ಟು ವೇಗದಲ್ಲಿ ತಿರುಗಿದರೆ ರಕ್ತ ನುಚ್ಚುನೂರಾಗುವುದಿಲ್ಲವೇ?

ರಕ್ತ ಬರೀ ಕೆಂಪು ನೀರಲ್ಲ, ಅಂಜಿಕೆ ಅದಕ್ಕೇ. ಮಂಗಳವೇಢೆ, ಸಾಂಗೋಲೆಯ ಕಡೆ ದಾಳಿಂಬೆ ತೋಟಗಳಿವೆ. ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಒಂದು ಹಣ್ಣು ಬಿಡಿಸಿ, ಕಾಳುಗಳನ್ನು ನೀರು ತುಂಬಿದ ಕೊಡಕ್ಕೆ ಹಾಕಿದಿರಿ ಎನ್ನಿ. ಈಗ ಒಂದು ಕಾಳೂ ಒಡೆಯದ ಹಾಗೆ ಪಂಪು ಹಚ್ಚಿ ಆ ನೀರನ್ನು ಎತ್ತಬೇಕು. ರಕ್ತದ ಪಂಪಿನ ಕೆಲಸ ಅಂಥದ್ದು. ನಮ್ಮ ಕೆಂಪು ರಕ್ತಕಣ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಚಿಕ್ಕದು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕಣಗಳಿರುತ್ತವೆ. ಕಣ ಒಡೆದರೆ ಒಳಗಿನ ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಬಹುದು, ಮೂತ್ರಪಿಂಡಕ್ಕೂ ಪೆಟ್ಟು.

ಆದರೂ ಹಿಮೋಪಂಪಿನಲ್ಲಿ ಜನ ಅಂಜಿದಷ್ಟು ರಕ್ತ ಹಾಳಾಗಲಿಲ್ಲ. ಯಾಕೆ? ಗುಡಿಯಲ್ಲಿ ಆರತಿ ತಗೊಳ್ಳುವಾಗ ನೀವು ಕೈಯನ್ನು ದೀಪದ ಉರಿಯ ಮೇಲೆ ಸರ್ರನೆ ಆಡಿಸುತ್ತೀರಿ, ಕೈ ಸುಡುವುದಿಲ್ಲ. ಅಲ್ಲೇ ಇಟ್ಟು ನಿಂತರೆ ಬೊಬ್ಬೆ. ರಕ್ತಕಣಕ್ಕೂ ಹಾಗೆಯೇ. ಎಷ್ಟು ಜೋರು ತಿಕ್ಕಾಟ ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಮುಖ್ಯ. ಪುಟ್ಟ ಪಂಪಿನಲ್ಲಿ ಕಣ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ದಾಟಿಹೋಗುತ್ತದೆ.

ಹಿಮೋಪಂಪಿಗೆ ಇದ್ದ ತೊಂದರೆ ಬೇರೆ. ಅದರ ದಪ್ಪ 7 ಮಿಲಿಮೀಟರ್. ತೊಡೆಯ ಧಮನಿಯೇ ಹೆಚ್ಚುಕಡಿಮೆ ಅಷ್ಟು ಅಗಲ. ಹಾಗಾಗಿ ಚರ್ಮ ಕೊಯ್ದು, ಧಮನಿಯನ್ನು ಬಿಡಿಸಿ ಕೂರಿಸಬೇಕಿತ್ತು. ಎಂಜಿನಿಯರುಗಳು ಪಂಪನ್ನು ಸಣ್ಣ ಮಾಡಲು ಹೊರಟರು. ಜರ್ಮನಿಯ ಆಖೆನ್ ಊರಿನಲ್ಲಿ ಟಾರ್ಸ್ಟನ್ ಸೀಸ್ ಮತ್ತು ಜೊತೆಗಾರರು 1990ರ ದಶಕದಲ್ಲಿ ರೂಪಿಸಿದ ಇಂಪೆಲ್ಲಾ ಪಂಪಿನ ಸಣ್ಣ ಮಾದರಿಯೊಂದರ ದಪ್ಪ ಸುಮಾರು 4 ಮಿಲಿಮೀಟರ್. ಮೋಟರು ಕೂಡ ಪಂಪಿನ ಬೆನ್ನಿಗೇ ಅಂಟಿಕೊಂಡು ಮೈಯೊಳಗೇ ಇರುತ್ತದೆ, ಥೇಟ್ ಪಾಣಬುಡಿ. ಕೊಡುವುದು ನಿಮಿಷಕ್ಕೆ ಎರಡೂವರೆ ಲೀಟರ್‌ವರೆಗೆ, ತಿರುಗುವುದು ನಿಮಿಷಕ್ಕೆ 50 ಸಾವಿರದ ಆಚೆ. ಲೆಕ್ಕ ಹಾಕಿ ನೋಡಿ: ನಾಲ್ಕು ಮಿಲಿಮೀಟರಿನ ಪಂಖಾದ ತುದಿ ಆ ವೇಗದಲ್ಲಿ ಗಂಟೆಗೆ ಸುಮಾರು 38 ಕಿಲೋಮೀಟರ್ ಓಡುತ್ತಿರುತ್ತದೆ. ನಮ್ಮ ಮಂಗಳವೇಢೆ ರಸ್ತೆಯ ಎಸ್‌ಟಿ ಬಸ್ಸಿನ ವೇಗ, ಅದೂ ಅಕ್ಕಿಕಾಳಿನ ಉದ್ದಕ್ಕಿಂತ ಕಿರಿದಾದ ವೃತ್ತದಲ್ಲಿ!

ಇಲ್ಲೇ ಮೆಕ್ಯಾನಿಕ್‌ನ ಮಾತು ಅಡ್ಡ ಬರುವುದು. ಸಣ್ಣ ಮಾಡಿದಷ್ಟೂ ತೂರಿಸುವುದು ಸುಲಭ, ಆದರೆ ರಕ್ತ ಕಮ್ಮಿ. ಹೆಚ್ಚು ರಕ್ತ ಬೇಕೆಂದರೆ ಅಗಲ ಬೇಕು. ಅಗಲದಲ್ಲಿ ಎಷ್ಟು ಲಾಭ ಗೊತ್ತೆ? ಪಂಖಾದ ಅಗಲವನ್ನು ಎರಡು ಪಟ್ಟು ಮಾಡಿ, ಸುತ್ತುವ ವೇಗವನ್ನು ಅರ್ಧಕ್ಕೆ ಇಳಿಸಿ. ತುದಿಯ ಓಟ ಅಷ್ಟೇ ಉಳಿಯುತ್ತದೆ, ಒತ್ತಡವೂ ಅಷ್ಟೇ ಸಿಗುತ್ತದೆ, ಹರಿವು ಮಾತ್ರ ನಾಲ್ಕು ಪಟ್ಟಾಗುತ್ತದೆ. ಅಷ್ಟು ಹರಿವು ಬೇಡವಾದರೆ ವೇಗವನ್ನು ಇನ್ನಷ್ಟು ತಗ್ಗಿಸಿ ರಕ್ತಕಣಗಳಿಗೆ ಉಪಕಾರ ಮಾಡಬಹುದು.

ಬೋರಿನವರು ಉದ್ದ ಮಾಡಿ ಗೆದ್ದರು. ರಕ್ತನಾಳದಲ್ಲಿ ಅದು ಆಗುವುದಿಲ್ಲ. ನಾಳ ಬಾಗುತ್ತದೆ, ಮೊಳದುದ್ದದ ಗಟ್ಟಿ ಸಲಾಕೆ ಅಲ್ಲಿ ತಿರುವು ದಾಟದು. ಹಾಗಾದರೆ ಏನು ದಾರಿ?

ಉತ್ತರ ಅಲ್ಲೇ ಹೊಲದಲ್ಲಿ ನಿಂತಿತ್ತು. ದೀಪಾವಳಿಯ ಹೊತ್ತಿಗೆ ಮಂಗಳವೇಢೆ ಸೀಮೆಯ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿರುತ್ತದೆ. ನಾನು ಒಂದು ಗಿಡದ ಸುಳಿ ತೋರಿಸಿದೆ. ಒಳಗಿನ ಎಳೆಯ ಗರಿ ಸುರುಳಿ ಸುತ್ತಿಕೊಂಡು ಪೆನ್ಸಿಲಿನಷ್ಟು ಸಪೂರವಾಗಿ ಮೇಲೆ ಬರುತ್ತಿತ್ತು. ಹೊರಗೆ ಬಂದ ಮೇಲೆ ಅದೇ ಗರಿ ಮೂರು ಬೆರಳು ಅಗಲ ಹರಡಿಕೊಳ್ಳುತ್ತದೆ. ದಾರಿಯಲ್ಲಿ ಸಪೂರ, ಕೆಲಸದ ಜಾಗದಲ್ಲಿ ಅಗಲ. ಪಂಖಾವನ್ನೂ ಹೀಗೆ ಮಡಚಿ ಕಳಿಸಿ, ಒಳಗೆ ಹೋದ ಮೇಲೆ ಬಿಚ್ಚಿಸಿದರೆ?

ಸ್ವೀಡನ್ನಿನ ಹೃದಯತಜ್ಞ ಓಯ್ವಿಂಡ್ ರೈಟನ್ ಹೀಗೆ ಮಡಚುವ ಪಂಖಾವನ್ನೇ ಮಾಡಿದರು. ಅವರ ಪಂಪು ಹೃದಯದೊಳಗೆ ಹೋಗುವುದಿಲ್ಲ. ಎದೆಯಿಂದ ಹೊಟ್ಟೆಯ ಕಡೆ ಇಳಿಯುವ ಮಹಾಧಮನಿಯಲ್ಲಿ ನಿಂತು ಬಿಚ್ಚಿಕೊಂಡು ರಕ್ತವನ್ನು ಕೆಳಗೆ ತಳ್ಳುತ್ತದೆ. ಪಂಖಾ ನಾಳದ ಗೋಡೆಗೆ ತಾಗಬಾರದೆಂದು ಸುತ್ತಲೂ ತೆಳ್ಳನೆಯ ಎಳೆಗಳ ಪಂಜರ ಇದೆ, ಮನೆಯ ಟೇಬಲ್ ಫ್ಯಾನಿನ ಜಾಳಿಗೆಯ ಹಾಗೆ. ಆಮೇಲೆ ಬಂದದ್ದು ಹಾರ್ಟ್‌ಮೇಟ್ ಪಿಎಚ್‌ಪಿ. ನಾಲ್ಕೂವರೆ ಮಿಲಿಮೀಟರ್ ಆಸುಪಾಸಿನ ಕೊಳವೆಯಲ್ಲಿ ಹೋಗಿ ಒಳಗೆ 8 ಮಿಲಿಮೀಟರ್‌ಗೆ ಅರಳುವ ಪಂಪು. 2015ರಲ್ಲಿ ಯುರೋಪಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಆದರೆ ಆಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆ ಅರ್ಧದಾರಿಯಲ್ಲಿ ನಿಂತಿತು. ಇಂಪೆಲ್ಲಾದ ಮಡಚುವ ಮಾದರಿಯನ್ನು 2020ರ ಕೊನೆಗೆ ಮೊದಲ ರೋಗಿಯಲ್ಲಿ ಪರೀಕ್ಷಿಸಿದರು. ಅದು ಹೋಗುವಾಗ 3 ಮಿಲಿಮೀಟರ್, ಬಿಚ್ಚಿದಾಗ 6.

ಅರ್ಧದಾರಿಯಲ್ಲಿ ನಿಲ್ಲುವುದು ಈ ವಿದ್ಯೆಯಲ್ಲಿ ಅವಮಾನವೇನಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯಾತ್ತಾನ್ ಅವರ ತಂಡ ಭಾರತದ ಹೃದಯ ಕವಾಟ ಮಾಡಿದಾಗ ಮೂರು ಮಾದರಿಗಳು ಸೋತು ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್ 6ರಂದು ಅದು ಮೊದಲ ರೋಗಿಯ ಎದೆಯೊಳಗೆ ಕೂತಿತು. ಕವಾಟ ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಕೋಟಿ ಸಲ ತೆರೆದು ಮುಚ್ಚಬೇಕು. ಒಮ್ಮೆ ತಪ್ಪಿದರೂ ಕೆಟ್ಟಿತು. ಆ ವಲಿಯಾತ್ತಾನ್ ಅವರೇ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು.

ಸರಿ, ಮಡಚುವ ಪಂಖಾದಲ್ಲಿ ಅಷ್ಟು ಕಷ್ಟ ಏನಿದೆ? ಮಕ್ಕಳಿಗೆ ಬಾಯಲ್ಲಿ ಹೇಳಿ ತಿಳಿಸಲಾಗದೆ ಮನೆಯ ಹಳೇ ಛತ್ರಿ ತರಿಸಿದೆ. ಅಕ್ಕಲಕೋಟೆಯಲ್ಲಿ ಕೊಂಡದ್ದು, ಗುಂಡಿ ಒತ್ತಿದರೆ ಪಟ್ಟನೆ ಬಿಚ್ಚುವ ಜಾತಿ. ಅದರ ಕೊಂಡಿಗಳು ಸವೆದು ಹೋಗಿ, ಮಡಚಿ ಕೈ ಬಿಟ್ಟರೆ ತಾನಾಗೇ ಅರಳುತ್ತಿತ್ತು. ಮಳೆಗಾಲದಲ್ಲಿ ಅದು ದೊಡ್ಡ ಪೀಡೆ, ಆವತ್ತು ನಮಗೆ ದೊಡ್ಡ ಭಾಗ್ಯ. ಬೋರಿಗೆ ಇಳಿಸಿ ಉಳಿದಿದ್ದ ಒಂದು ತುಂಡು ಕೇಸಿಂಗ್ ಪೈಪು ಅಲ್ಲೇ ಬಿದ್ದಿತ್ತು. ಛತ್ರಿಯನ್ನು ಬಿಗಿಯಾಗಿ ಮಡಚಿ, ತುದಿಯ ಕಡೆಯಿಂದ ಪೈಪಿನಲ್ಲಿ ತೂರಿಸಿದೆವು. ಆ ಕಡೆ ಹೊರಬಂದದ್ದೇ ಫಟ್! ಅರಳಿತು. ಇಬ್ಬರೂ ಚಪ್ಪಾಳೆ ಹೊಡೆದರು.

“ಈಗ ವಾಪಸ್ ಜಗ್ಗು,” ಅಂದೆ.

ಅಳಿಯ ಹಿಡಿಕೆ ಹಿಡಿದು ಜಗ್ಗಿದ. ಬಿಚ್ಚಿದ ಕಡ್ಡಿಗಳೆಲ್ಲ ಪೈಪಿನ ಬಾಯಿಗೆ ಸಿಕ್ಕಿಹಾಕಿಕೊಂಡವು. ಇನ್ನೂ ಜೋರಾಗಿ ಜಗ್ಗಿದಾಗ ಬಿರುಗಾಳಿಗೆ ಸಿಕ್ಕ ಹಾಗೆ ಛತ್ರಿ ಉಲ್ಟಾ ಹೊಡೆದು, ಒಂದು ಕಡ್ಡಿ ಬಟ್ಟೆ ಹರಿದು ಹೊರಬಂತು. ಧಮನಿಯೊಳಗೆ ಹೀಗಾದರೆ? ಇಬ್ಬರ ಮುಖವೂ ಸಪ್ಪಗಾಯಿತು.

ಆಗ ಹುಡುಗಿ ಸುಮ್ಮನೆ ಛತ್ರಿಯನ್ನು ತಿರುಗಿಸಿದಳು. ಹಿಡಿಕೆಯನ್ನು ಮುಂದೆ ಮಾಡಿ ತೂರಿಸಿದಳು, ಆ ಕಡೆ ಅರಳಿತು. ಈಗ ಜಗ್ಗಲು ಅವಳ ಕೈಯಲ್ಲಿದ್ದದ್ದು ಛತ್ರಿಯ ನೆತ್ತಿಯ ಮೊಳೆಗೆ ಕಟ್ಟಿದ ಹಗ್ಗ. ಜಗ್ಗಿದಳು. ನೆತ್ತಿಯ ಇಳಿಜಾರು ಪೈಪಿನ ಬಾಯಿಗೆ ಹೊಂದಿಕೊಂಡು, ಕಡ್ಡಿಗಳು ತಾವಾಗಿಯೇ ಒಳಕ್ಕೆ ಬಾಗಿ, ಛತ್ರಿ ಮೆಲ್ಲಗೆ ಮಡಚಿಕೊಂಡು ಪೈಪಿನೊಳಗೆ ಜಾರಿತು. ಮಡಚುವ ಪಂಪಿನ ಪಂಜರವನ್ನು ಕೊಳವೆಯ ಕಡೆಗೆ ಹೀಗೇ ಇಳಿಜಾರಾಗಿ ಮಾಡಿರುತ್ತಾರೆ. ಐದನೇ ಇಯತ್ತೆಯ ಹುಡುಗಿಗೆ ಅದು ಹೊಳೆದದ್ದು ನೋಡಿ ಬೆರಗಾದೆ, ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಛತ್ರಿಯ ಕಡ್ಡಿಯ ಜಾಗದಲ್ಲಿ ಎಂಜಿನಿಯರುಗಳು ಬಳಸುವುದು ನಿಟಿನಾಲ್ ಎಂಬ ಲೋಹ, ನಿಕ್ಕಲ್ ಮತ್ತು ಟೈಟಾನಿಯಂ ಕೂಡಿಸಿದ್ದು. 1960ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಬ್ಯೂಲರ್ ಅವರ ತಂಡ ಅದರ ಪಟ್ಟಿಯೊಂದನ್ನು ಹಾರ್ಮೋನಿಯಂನ ತಿದಿಯ ಹಾಗೆ ಮಡಚಿ ಸಭೆಗೆ ತಂದಿತ್ತು. ಅಲ್ಲಿದ್ದ ಒಬ್ಬರು ತಮಾಷೆಗೆ ಲೈಟರಿನ ಉರಿ ಹಿಡಿದರಂತೆ. ಪಟ್ಟಿ ಎಲ್ಲರೆದುರು ತಾನಾಗೇ ನೆಟ್ಟಗಾಯಿತು! ತನ್ನ ಹಳೆಯ ಆಕಾರ ನೆನಪಿಟ್ಟುಕೊಳ್ಳುವ ಲೋಹ ಅದು. ಮೈಯ ಬಿಸಿಯಲ್ಲಿ ಅದನ್ನು ಚೆನ್ನಾಗಿ ಹಿಂಡಿದರೂ ಬಿಟ್ಟ ಕೂಡಲೇ ಮೊದಲಿನಂತಾಗುವ ಹಾಗೆ ಹದ ಮಾಡಬಹುದು.

ಪಂಜರ ಲೋಹದ್ದಾಯಿತು, ರೆಕ್ಕೆ? ಅದು ಮಡಚುವಾಗ ಬಟ್ಟೆಯಂತೆ ಮೆತ್ತಗಿರಬೇಕು, ತಿರುಗುವಾಗ ರಕ್ತದ ಒತ್ತಡಕ್ಕೆ ಬಾಗದಷ್ಟು ಗಟ್ಟಿಯಿರಬೇಕು. ಒಂದೇ ವಸ್ತುವಿನಿಂದ ಎರಡು ಗುಣ ಕೇಳಿದಂತಾಯಿತು. ಮೆಕ್ಯಾನಿಕ್‌ನ ಅಳತೆಯ ಟೇಪು ನೋಡಿ. ತೆಳ್ಳನೆಯ ಉಕ್ಕಿನ ಪಟ್ಟಿ, ಡಬ್ಬಿಯೊಳಗೆ ಸುರುಳಿ ಸುತ್ತುತ್ತದೆ. ಹೊರಗೆ ಎಳೆದರೆ ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಅದರ ಅಡ್ಡಕ್ಕೆ ಇರುವ ಸಣ್ಣ ಬಾಗು ಆ ಬಲ ಕೊಡುತ್ತದೆ. ಪಾಲಿಯುರಿಥೇನ್‌ನಂಥ ಮೆತ್ತನೆಯ ಪ್ಲಾಸ್ಟಿಕ್ಕಿನ ರೆಕ್ಕೆಗೆ ಎಂಜಿನಿಯರುಗಳು ಹುಡುಕುವುದೂ ಇಂಥ ಬಾಗನ್ನೇ: ತಿರುಗುವ ರಭಸವೇ ರೆಕ್ಕೆಯನ್ನು ಸರಿಯಾದ ಆಕಾರಕ್ಕೆ ತಳ್ಳಬೇಕು, ಹಿಂದೆ ಜಗ್ಗಿದಾಗ ಅದೇ ರೆಕ್ಕೆ ಮಾತು ಕೇಳಿ ಮಲಗಬೇಕು. ಪ್ಲಾಸ್ಟಿಕ್ಕಿಗೆ ಇನ್ನೊಂದು ಚಾಳಿಯೂ ಇದೆ. ಮಡಚಿ ಬಹಳ ದಿನ ಇಟ್ಟರೆ, ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆಯ ಹಾಗೆ, ಮಡಿಕೆಯ ಗುರುತು ಉಳಿದುಬಿಡುತ್ತದೆ. ಸೀರೆಗಾದರೆ ಇಸ್ತ್ರಿ ಮಾಡಬಹುದು.

ಎಲ್ಲಕ್ಕಿಂತ ತಲೆನೋವು ರೆಕ್ಕೆಯ ತುದಿಗೂ ಸುತ್ತಲಿನ ಗೋಡೆಗೂ ನಡುವಿನ ಸಂದು. ಅದು ತಲೆಗೂದಲಿನ ದಪ್ಪದ ಲೆಕ್ಕದಲ್ಲಿ ಅಳೆಯುವ ಸಂದು. ಹೆಚ್ಚಾದರೆ ರಕ್ತ ಅಲ್ಲಿಂದಲೇ ಹಿಂದಕ್ಕೆ ಸೋರುತ್ತದೆ. ಕಮ್ಮಿಯಾದರೆ ನಮ್ಮ ದಾಳಿಂಬೆ ಕಾಳುಗಳು ಅಲ್ಲಿ ಅರೆದುಹೋಗುತ್ತವೆ. ಗಟ್ಟಿ ಪಂಪಿನಲ್ಲಿ ಗೋಡೆ ಕದಲುವುದಿಲ್ಲ, ಸಂದು ಒಂದೇ ಸಮ ಇರುತ್ತದೆ. ಮಡಚುವ ಪಂಪಿನಲ್ಲಿ ಗೋಡೆಯೂ ಮಡಚುವಂಥದ್ದೇ. ಹೃದಯ ಪ್ರತಿ ಬಡಿತಕ್ಕೂ ಅದನ್ನು ಹಿಸುಕುತ್ತದೆ, ರೋಗಿ ಮಗ್ಗುಲು ಹೊರಳಿದರೆ ಬಾಗುತ್ತದೆ. ದುಂಡಗಿದ್ದದ್ದು ಒಂದಿಷ್ಟು ಚಪ್ಪಟೆಯಾದರೂ ರೆಕ್ಕೆ ಗೋಡೆಗೆ ಉಜ್ಜಿತು. ಇದನ್ನು ಗೆಲ್ಲುವುದೇ ಈ ಪಂಖಾದ ನಿಜವಾದ ಪರೀಕ್ಷೆ ಎಂದು ನನಗನ್ನಿಸುತ್ತದೆ. ಬಿಚ್ಚಿಸುವುದು ಅದರ ಮುಂದೆ ಸಣ್ಣ ಕೆಲಸ.

ಮಡಚುವ ಪಂಪಿನಲ್ಲಿ ಮೋಟರು ಸಾಮಾನ್ಯವಾಗಿ ಹೊರಗೇ ಉಳಿಯುತ್ತದೆ. ಹೊರಗಿನಿಂದ ಒಳಗಿನ ಪಂಖಾದವರೆಗೆ, ಕೊಳವೆಯೊಳಗೆ, ಬಾಗುತ್ತಲೇ ತಿರುಗುವ ತೆಳ್ಳನೆಯ ತಂತಿ ಓಡುತ್ತದೆ. ಹಳೆಯ ಸ್ಕೂಟರಿನ ಮುಂದಿನ ಚಕ್ರದಿಂದ ಸ್ಪೀಡೋಮೀಟರಿಗೆ ಹೋಗುವ ಕೇಬಲ್ಲನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ಇದ್ದರೂ ಈ ಪಂಪುಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಗಡಿಯ ಹಳ್ಳಿಯ ಮನೆಗೆ ಅದು ಭಾರವೇ. ಹುಲಜಂತಿಯವರಿಗೆ ಎದೆನೋವು ಬಂದರೆ ಮೊದಲು ಓಡುವುದು ಸೊಲ್ಲಾಪುರಕ್ಕೆ. ಅಕ್ಕಲಕೋಟೆಯ ಕಡೆಯವರಿಗೆ ಕಲಬುರಗಿಯ ಜಯದೇವ ಆಸ್ಪತ್ರೆಯೂ ಹತ್ತಿರ. ಮಡಚುವ ಪಂಖಾವನ್ನು ಅಗ್ಗವಾಗಿ ಮಾಡುವ ಲೆಕ್ಕ ಇನ್ನೂ ಯಾರೂ ಪೂರ್ತಿ ಬಿಡಿಸಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗಣಿತ ಇಷ್ಟವಿದ್ದರೆ ಜಾಗ ಖಾಲಿ ಇದೆ.

ಸಂಜೆಯ ಹೊತ್ತಿಗೆ ಮೆಕ್ಯಾನಿಕ್ ಸವೆದ ಎರಡು ಪಂಖಾ ಬದಲಿಸಿ, ಎಲ್ಲ ಜೋಡಿಸಿ, ಮೋಟರನ್ನು ಮತ್ತೆ ಬೋರಿಗೆ ಇಳಿಸತೊಡಗಿದ. ಅಳಿಯ ಹರಿದ ಛತ್ರಿ ಬಗಲಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದವನು ಕೊನೆಗೆ ಕೇಳಿಯೇಬಿಟ್ಟ:

“ಕಾಕಾ, ಹಂಗಾರ ಬೋರಿನ್ಯಾಗೂ ಒಂದ ಮಡಚೋ ಪಂಖಾ ಹಾಕಿದರ ಆಗಂಗಿಲ್ಲೇನು? ಒಳಗ ಹೋಗಿ ಬಿಚ್ಚಿಕೊಳ್ಳತೈತಿ.”

ಮೆಕ್ಯಾನಿಕ್ ಸರಪಳಿ ಹಿಡಿದ ಕೈ ನಿಲ್ಲಿಸಿ ನಕ್ಕ. “ಹಾಕೋ ತಮ್ಮಾ. ಹೃದಯದಾಗ ಒಳಗ ಹೋದ ಮ್ಯಾಲ ಅಗಲ ಐತಂತ. ಈ ತೂತಿನ್ಯಾಗ ಮ್ಯಾಲ ಎಷ್ಟೋ ತಳಕ್ಕೂ ಅಷ್ಟ. ಬಿಚ್ಚಾಕ ಜಾಗ ಎಲ್ಲೈತಿ?”